ಇಂಗ್ಲಿಷ್ ಕಲಿಸೋದ್ರಲ್ಲೇ ಅಕಡೆಮಿಕ್ ಕರಿಯರ್ ಮಾಡ್ಬೇಕಾ? ಎಂಎಯಿಂದ ಪಿಎಚ್‌ಡಿ, ಕೆಲಸದ ತನಕ ಸಮಗ್ರ ಮಾರ್ಗದರ್ಶಿ

ಇಂಗ್ಲಿಷ್ ಎಂಎ ಆದವರೆಲ್ಲ ಇಂಗ್ಲಿಷ್ ಭಾಷೆ ಕಲಿಸೋಕೂ ಬಲ್ಲರು ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ, ಕಾಲೇಜು ಮ್ಯಾನೇಜ್‌ಮೆಂಟಿನವರಿಗೂ ಇದೆ, ಅಪ್ಪ ಅಮ್ಮಂದಿರಿಗೂ ಇದೆ, ಎಷ್ಟೋ ಸಲ ಎಂಎ ಮಾಡ್ತಿರೋರಿಗೂ ಇದೆ. ಅದು ಸರಿಯಿಲ್ಲ. ಎರಡು ವರ್ಷ ಶೇಕ್ಸ್‌ಪಿಯರ್, ಮಿಲ್ಟನ್, ವಸಾಹತೋತ್ತರ ಕಾದಂಬರಿ ಅಂತ ಓದಿರ್ತೀವಿ, ಕೆಲಸಕ್ಕೆ ಸೇರಿದ ಮೇಲೆ ಎದುರಿಗೆ ಕೂತಿರೋದು ಬಿಕಾಂ ಫಸ್ಟ್ ಸೆಮ್ ಹುಡುಗ್ರು, ಅವ್ರಲ್ಲಿ ಎಷ್ಟೋ ಜನ ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ, ಅವ್ರಿಗೆ ಬೇಕಿರೋದು ಒಂದು ಪ್ಯಾರಾ ಓದಿ ಅರ್ಥ ಮಾಡ್ಕೊಳ್ಳೋಕೆ, ಒಂದು ಇಮೇಲ್ ಬರೆಯೋಕೆ, ಇಂಟರ್‌ವ್ಯೂನಲ್ಲಿ ನಾಲ್ಕು ಮಾತು ಆಡೋಕೆ. ಇದನ್ನ ಕಲಿಸೋದು ಬೇರೆಯದೇ ಒಂದು ವಿದ್ಯೆ. ಅದಕ್ಕೆ ಇಎಲ್‌ಟಿ (ಇಂಗ್ಲಿಷ್ ಲ್ಯಾಂಗ್ವೇಜ್ ಟೀಚಿಂಗ್) ಅಂತಾರೆ, ಟೀಸಲ್ (ಇಂಗ್ಲಿಷನ್ನ ಎರಡನೇ ಭಾಷೆಯಾಗಿ ಕಲಿಸೋದು) ಅಂತಾರೆ, ಸಂಶೋಧನೆಯ ಕಡೆಯಿಂದ ನೋಡಿದ್ರೆ ಅಪ್ಲೈಡ್ ಲಿಂಗ್ವಿಸ್ಟಿಕ್ಸ್ ಅಂತಾರೆ. ಇದ್ರಲ್ಲೇ ಓದಿ, ಸಂಶೋಧನೆ ಮಾಡಿ, ಪ್ರೊಫೆಸರ್ ಆಗೋಕೆ ಒಂದು ದಾರಿ ಇದೆ. ಆದ್ರೆ ನಮ್ಮ ಕಾಲೇಜುಗಳಲ್ಲಿ ಸಾಹಿತ್ಯದವರೂ ಭಾಷೆಯವರೂ ಒಂದೇ ಇಂಗ್ಲಿಷ್ ವಿಭಾಗದಲ್ಲಿ ಇರೋದ್ರಿಂದ ಆ ದಾರಿ ಎದ್ದು ಕಾಣೋದಿಲ್ಲ, ಅದಕ್ಕೇ ಇಷ್ಟು ಉದ್ದ ಬರೀತಾ ಇದೀನಿ.

ಹೆಜ್ಜೆ 1: ಸಾಹಿತ್ಯವೋ ಭಾಷೆ ಕಲಿಕೆಯೋ, ಮೊದಲೇ ತೀರ್ಮಾನ ಮಾಡಿ

ಇಂಗ್ಲಿಷ್ ಅಂದ್ರೆ ಇಷ್ಟ ಅನ್ನೋದೊಂದೇ ಸಾಲಲ್ಲ. ನಿಮ್ಮನ್ನ ನೀವೇ ಒಂದು ಪ್ರಶ್ನೆ ಕೇಳ್ಕೊಳ್ಳಿ: ಒಂದು ಕವಿತೆ ಯಾಕೆ ಚೆನ್ನಾಗಿದೆ ಅಂತ ಯೋಚಿಸ್ತಾ ಕೂರೋದು ಖುಷಿ ಕೊಡುತ್ತಾ, ಇಲ್ಲ ಒಬ್ಬ ಹುಡುಗ ಒಂದೇ ತಪ್ಪನ್ನ ಮತ್ತೆ ಮತ್ತೆ ಯಾಕೆ ಮಾಡ್ತಾನೆ ಅಂತ ಯೋಚಿಸೋದಾ? ಎರಡನೇದು ಅಂದ್ರೆ ನೀವು ಈ ಕಡೆಯವರು. ಎರಡೂ ಅಂದ್ರೂ ಪರವಾಗಿಲ್ಲ, ಆದ್ರೆ ಪಿಎಚ್‌ಡಿ ಹೊತ್ತಿಗೆ ಒಂದನ್ನ ಆರಿಸ್ಕೊಳ್ಳಲೇಬೇಕಾಗುತ್ತೆ.

ಇನ್ನೊಂದು ವಿಷಯ. ಈ ಫೀಲ್ಡ್ ಇಂಗ್ಲೆಂಡು ಅಮೆರಿಕದವರದ್ದು, ನಮ್ಮದೇನಿದ್ರೂ ಅವ್ರು ಬರೆದಿದ್ದನ್ನ ಇಲ್ಲಿ ತಂದು ಪಾಠ ಮಾಡೋದು ಅಂತ ಅಂದ್ಕೊಂಡಿದ್ರೆ ಅದನ್ನ ಇವತ್ತೇ ಬಿಡಿ. ಇವತ್ತು ಜಗತ್ತಿನಾದ್ಯಂತ ಟಾಸ್ಕ್ ಆಧಾರಿತ ಬೋಧನೆ ಅಂತ ಏನು ನಡೀತಿದ್ಯೋ ಅದರ ಚರಿತ್ರೆ ಹೇಳೋವಾಗ ಎಲ್ರೂ ಬೆಂಗಳೂರಿಂದ ಶುರು ಮಾಡ್ತಾರೆ. 1979ರಿಂದ 1984ರ ತನಕ ಇಂಗ್ಲಿಷ್ ಬೋಧನಾ ತಜ್ಞ ಎನ್. ಎಸ್. ಪ್ರಭು ಅವರು ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಜೊತೆ ಸೇರಿ ದಕ್ಷಿಣ ಭಾರತದ ಮಾಮೂಲಿ ಶಾಲೆಗಳಲ್ಲಿ ನಡೆಸಿದ ಪ್ರಯೋಗಕ್ಕೆ ಬ್ಯಾಂಗಲೋರ್ ಪ್ರಾಜೆಕ್ಟ್ ಅಂತಲೇ ಹೆಸರು. ಗ್ರಾಮರ್ ಪಾಠ ಪಕ್ಕಕ್ಕಿಟ್ಟು ಮ್ಯಾಪು, ರೈಲ್ವೆ ಟೈಮ್ ಟೇಬಲ್ ತರದ್ದು ಕೊಟ್ಟು ಮಕ್ಕಳ ಕೈಲಿ ಲೆಕ್ಕ ಹಾಕಿಸೋದು, ಯೋಚನೆ ಮಾಡಿಸೋದು, ಅರ್ಥದ ಮೇಲೆ ಗಮನ ಇದ್ರೆ ಭಾಷೆ ತಾನಾಗೇ ಬೆಳೆಯುತ್ತೆ ಅನ್ನೋದು ಅವ್ರ ವಾದ. ಅದರ ಬಗ್ಗೆ 1987ರಲ್ಲಿ ಅವ್ರು ಬರೆದ ಪುಸ್ತಕವನ್ನ ಇವತ್ತಿಗೂ ಈ ವಿಷಯದ ಮೇಲೆ ಬರೆಯೋರು ಬಿಟ್ಟು ಮುಂದೆ ಹೋಗೋದಿಲ್ಲ. ಅದೇ ತರ ವರ್ಲ್ಡ್ ಇಂಗ್ಲಿಷಸ್, ಅಂದ್ರೆ ಇಂಗ್ಲಿಷ್ ಒಂದೇ ಅಲ್ಲ, ಒಂದೊಂದು ದೇಶದಲ್ಲಿ ಅದಕ್ಕೆ ತನ್ನದೇ ರೂಪ ಇದೆ ಅನ್ನೋ ಚಿಂತನೆ ಕಾಶ್ಮೀರದ ಬ್ರಜ್ ಕಚ್ರು ಅವರದ್ದು, ಪೋಸ್ಟ್‌ಮೆಥಡ್, ಅಂದ್ರೆ ಒಂದೇ ಸಿದ್ಧ ವಿಧಾನ ಎಲ್ಲಾ ಕಡೆ ನಡೆಯಲ್ಲ ಅನ್ನೋ ವಾದ ಕುಮಾರವಡಿವೇಲು ಅವರದ್ದು. ಈ ಮೂವರನ್ನ ಎಂಎ ಹೊತ್ತಿಗೇ ಓದಿ ಮುಗಿಸಿ.

ಹೆಜ್ಜೆ 2: ಯಾವ ಎಂಎ, ಜೊತೆಗೆ ಯಾವ ಡಿಪ್ಲೊಮಾ

ಭಾಷೆ ಬೋಧನೆಗೇ ಅಂತ ಇರೋ ದೊಡ್ಡ ಸಂಸ್ಥೆ ಹೈದರಾಬಾದಿನ ಇಫ್ಲು (ಇಂಗ್ಲಿಷ್ ಅಂಡ್ ಫಾರಿನ್ ಲ್ಯಾಂಗ್ವೇಜಸ್ ಯೂನಿವರ್ಸಿಟಿ). 1958ರಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಅಂತ ಶುರುವಾಗಿ, ಆಮೇಲೆ ಸೀಫೆಲ್ ಅಂತ ಹೆಸರಾಗಿ, 2007ರಲ್ಲಿ ಸೆಂಟ್ರಲ್ ಯೂನಿವರ್ಸಿಟಿ ಆಯ್ತು. ಹಳೇ ಮೇಷ್ಟ್ರುಗಳು ಇವತ್ತಿಗೂ ಸೀಫೆಲ್ ಅಂತಲೇ ಅನ್ನೋದು. ಅಲ್ಲಿ ಟೀಸಲ್‌ನಲ್ಲೇ ಎಂಎ ಇದೆ, ಪಿಜಿಡಿಟಿಇ ಅನ್ನೋ ಇಂಗ್ಲಿಷ್ ಬೋಧನೆಯ ಪಿಜಿ ಡಿಪ್ಲೊಮಾ ಇದೆ. ಎಂಟ್ರೆನ್ಸ್ ಬರೆದು ಒಳಗೆ ಹೋಗೋಕೆ ಸಾಧ್ಯ ಆದ್ರೆ ಬೇರೆ ಯೋಚನೆ ಮಾಡ್ಬೇಡಿ, ಸೆಂಟ್ರಲ್ ಯೂನಿವರ್ಸಿಟಿ ಆದ್ದರಿಂದ ಫೀಸೂ ಪ್ರೈವೇಟ್ ಯೂನಿವರ್ಸಿಟಿಗೆ ಹೋಲಿಸಿದ್ರೆ ಕಮ್ಮಿ, ಲೈಬ್ರರಿಯಂತೂ ಈ ವಿಷಯಕ್ಕೆ ದೇಶದಲ್ಲೇ ಒಳ್ಳೇದ್ರಲ್ಲಿ ಒಂದು.

ಊರು ಬಿಡೋಕೆ ಆಗಲ್ಲ ಅನ್ನೋರು ತುಂಬ ಜನ ಇದಾರೆ, ಮನೆ ಕಷ್ಟ ಇರುತ್ತೆ, ಮದುವೆ ಆಗಿರುತ್ತೆ. ಅಂಥವರು ಮೈಸೂರು, ಧಾರವಾಡ, ಮಂಗಳೂರು, ಕುವೆಂಪು, ಬೆಂಗಳೂರು, ಹತ್ರ ಯಾವುದಿದ್ಯೋ ಆ ಯೂನಿವರ್ಸಿಟಿಯಲ್ಲಿ ಇಂಗ್ಲಿಷ್ ಎಂಎ ಮಾಡಿ, ಆದ್ರೆ ಆಪ್ಷನಲ್ ಪೇಪರ್ ಬಂದಾಗ ಲಿಂಗ್ವಿಸ್ಟಿಕ್ಸ್, ಇಎಲ್‌ಟಿ ತಗೊಳ್ಳಿ, ಡೆಸರ್ಟೇಶನ್ ಇದ್ರೆ ಅದನ್ನ ಕ್ಲಾಸ್‌ರೂಮ್ ವಿಷಯದ ಮೇಲೇ ಮಾಡಿ. ಇಎಲ್‌ಟಿ ಪೇಪರ್ ತಗೊಂಡ್ರೆ ಸ್ಕೋರ್ ಬರಲ್ಲ ಅಂತ ಸೀನಿಯರ್‌ಗಳು ಹೆದರಿಸ್ತಾರೆ, ಕಿವಿಗೆ ಹಾಕ್ಕೋಬೇಡಿ. ಎಂಎಯಲ್ಲಿ ಶೇ. 55 ಮಾತ್ರ ತಪ್ಪಿಸ್ಕೋಬೇಡಿ, ಎಸ್‌ಸಿ, ಎಸ್‌ಟಿ, ಒಬಿಸಿ, ಅಂಗವಿಕಲರಿಗೆ ಶೇ. 50. ನೆಟ್ (ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆಗೆ ಇರೋ ರಾಷ್ಟ್ರಮಟ್ಟದ ಪರೀಕ್ಷೆ) ಅರ್ಜಿಗೆ ಈ ಕಟ್ ಬಹಳ ಮುಖ್ಯ, 54.8 ಬಂದು ಒದ್ದಾಡೋರನ್ನ ನೋಡಿದೀನಿ, ಸಂಕಟ ಆಗುತ್ತೆ. ನೇಮಕಾತಿಗೆ ಬಂದಾಗ ಯಾವ ವರ್ಗಕ್ಕೆ ಎಷ್ಟು ಅನ್ನೋದನ್ನ ನೋಟಿಫಿಕೇಶನ್‌ನಲ್ಲೇ ನೋಡಿ.

ಬಿಎಡ್ ಬೇಕಾ ಅಂತ ಬಹಳ ಜನ ಕೇಳ್ತಾರೆ. ಡಿಗ್ರಿ ಕಾಲೇಜು, ಯೂನಿವರ್ಸಿಟಿಗೆ ಬೇಡ. ಹೈಸ್ಕೂಲು, ಸರ್ಕಾರಿ ಪಿಯು ಕಡೆಗೆ ಹೋಗೋ ಯೋಚನೆ ಇದ್ರೆ ಬೇಕು. ಕೇಂಬ್ರಿಜ್‌ನ ಸೆಲ್ಟಾ ಅನ್ನೋ ಇಂಗ್ಲಿಷ್ ಬೋಧನೆಯ ಸರ್ಟಿಫಿಕೇಟ್ ಕೋರ್ಸ್ ಸುಮಾರು 120 ಗಂಟೆಯದು, ಅದ್ರಲ್ಲಿ 6 ಗಂಟೆ ನಿಜವಾದ ವಿದ್ಯಾರ್ಥಿಗಳಿಗೆ ಪಾಠ ಮಾಡಿ ತೋರಿಸ್ಬೇಕು, ಪಾಠ ಮಾಡೋ ಕೌಶಲ ನಿಜಕ್ಕೂ ಬದಲಾಗುತ್ತೆ, ಆದ್ರೆ ಖರ್ಚು ಜಾಸ್ತಿ, ಮತ್ತೆ ನಮ್ಮ ಸರ್ಕಾರಿ ಸೆಲೆಕ್ಷನ್‌ನಲ್ಲಿ ಅದಕ್ಕೆ ಮಾರ್ಕ್ಸ್ ಇಲ್ಲ. ವಿದೇಶ, ಅದ್ರಲ್ಲೂ ಗಲ್ಫ್ ಕಡೆ ಹೋಗೋರಿಗೆ ಕೆಲಸಕ್ಕೆ ಬರುತ್ತೆ. ಈಗಾಗ್ಲೇ ಶಾಲೆಯಲ್ಲಿ ಪಾಠ ಮಾಡ್ತಿರೋ ಸರ್ಕಾರಿ ಮೇಷ್ಟ್ರುಗಳಿಗೆ 1963ರಿಂದ ನಡೀತಿರೋ, ಬೆಂಗಳೂರಿನ ಜ್ಞಾನಭಾರತಿ ಕ್ಯಾಂಪಸ್ಸಿನಲ್ಲಿರೋ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಇದೆ, ಅಲ್ಲಿಯ ತರಬೇತಿಗೆ ಡೆಪ್ಯೂಟ್ ಆಗೋ ಅವಕಾಶ ಬಂದ್ರೆ ಬಿಡ್ಬೇಡಿ.

ಹೆಜ್ಜೆ 3: ನೆಟ್ ಆಗೋ ತನಕ ಕಾಯದೆ ಕ್ಲಾಸಿಗೆ ಇಳಿಯಿರಿ

ನನ್ನ ಪ್ರಕಾರ ಇಡೀ ದಾರಿಯಲ್ಲಿ ಮುಖ್ಯವಾದ ಹೆಜ್ಜೆ ಇದೇ. ಎಂಎ ಮಾಡ್ತಾನೇ ವಾರಕ್ಕೆ ಎರಡು ದಿನ ಆದ್ರೂ ಎಲ್ಲಾದ್ರೂ ಪಾಠ ಮಾಡಿ, ಹತ್ತಿರದ ಸರ್ಕಾರಿ ಹೈಸ್ಕೂಲಿಗೆ ಹೋಗಿ ಹೆಡ್‌ಮಾಸ್ಟ್ರನ್ನ ಕೇಳಿ, ಹಾಸ್ಟೆಲ್ ಹುಡುಗ್ರಿಗೆ ಸಂಜೆ ಹೇಳ್ಕೊಡಿ. ಪಾಠ ಮಾಡೋದ್ರ ಜೊತೆಗೆ ಮಕ್ಕಳು ಬರೆದಿದ್ದನ್ನ, ಆಡಿದ್ದನ್ನ ಒಂದು ನೋಟ್‌ಬುಕ್ಕಲ್ಲಿ ಡೇಟ್ ಹಾಕಿ ಬರೆದಿಡಿ. ತಪ್ಪು ತಿದ್ದಿ ಮುಂದೆ ಹೋಗೋದು ಟ್ಯೂಶನ್, ತಪ್ಪು ಯಾಕೆ ಬಂತು ಅಂತ ನೋಡೋದು ಸಂಶೋಧನೆ.

ಒಂದು ಉದಾಹರಣೆ ಬಿಡಿಸಿ ಹೇಳ್ತೀನಿ. ಒಂಬತ್ತನೇ ಕ್ಲಾಸಿನ ಹುಡುಗಿ ಹೀಗೆ ಬರೀತಾಳೆ: 'ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಮೈ ವಿಲೇಜ್.' ಗ್ರಾಮರ್ ಪುಸ್ತಕದ ಪ್ರಕಾರ ಇಲ್ಲಿ 'ವೆಂಟ್' ಬರಬೇಕು, 'ಹ್ಯಾಡ್ ಗಾನ್' ಬರಬೇಕಾದ್ರೆ ಅದಕ್ಕಿಂತ ಆಮೇಲೆ ನಡೆದ ಇನ್ನೊಂದು ಘಟನೆ ಇರಬೇಕು. ಟೀಚರ್ ಕೆಂಪು ಗೆರೆ ಎಳೀತಾರೆ, ಹುಡುಗಿ ನಾಳೆ ಮತ್ತೆ ಅದನ್ನೇ ಬರೀತಾಳೆ. ಆದ್ರೆ ಅವಳು ಕನ್ನಡದಲ್ಲಿ ಇದನ್ನ ಹೇಗೆ ಹೇಳ್ತಾಳೆ ನೋಡಿ, 'ನಿನ್ನೆ ಊರಿಗೆ ಹೋಗಿದ್ದೆ' ಅಂತ. ಹೋಗಿ ವಾಪಸ್ ಬಂದಾಗಿದೆ, ಕೆಲಸ ಮುಗಿದಿದೆ, ಅದಕ್ಕೆ 'ಹೋದೆ' ಅನ್ನಲ್ಲ, 'ಹೋಗಿದ್ದೆ' ಅಂತಾಳೆ. ಹೋಗಿ, ಇದ್ದೆ, ಎರಡು ಭಾಗ, ಇಂಗ್ಲಿಷ್‌ನಲ್ಲೂ ಎರಡು ಭಾಗ ಇರೋ ಹ್ಯಾಡ್ ಗಾನ್ ಅನ್ನ ಆರಿಸ್ಕೊಂಡಿದಾಳೆ. ಅಂದ್ರೆ ಅವಳ ತಲೆಯಲ್ಲಿ ಒಂದು ವ್ಯವಸ್ಥೆ ಕೆಲಸ ಮಾಡ್ತಿದೆ. ಇಂಥ ವ್ಯವಸ್ಥೆಗೇ ಭಾಷಾವಿಜ್ಞಾನಿ ಲ್ಯಾರಿ ಸೆಲಿಂಕರ್ 1972ರಲ್ಲಿ ಇಂಟರ್‌ಲ್ಯಾಂಗ್ವೇಜ್ ಅಂತ ಹೆಸರಿಟ್ಟಿದ್ದು, ಕಲಿಯೋರ ತಪ್ಪುಗಳು ಸಂಶೋಧಕರಿಗೆ ಬಹಳ ಬೆಲೆಯ ಪುರಾವೆ ಅಂತ ಇನ್ನೊಬ್ಬ ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲೇ ಬರೆದಿದ್ರು. ಈಗ ಪ್ರಶ್ನೆಗಳು ಹುಟ್ಟುತ್ವೆ: ಇಂಗ್ಲಿಷ್ ಮೀಡಿಯಂ ಮಕ್ಕಳೂ ಹೀಗೇ ಬರೀತಾರಾ? ಮನೆಯಲ್ಲಿ ತುಳು, ಉರ್ದು, ತೆಲುಗು ಮಾತಾಡೋ ಮಕ್ಕಳು? ಕನ್ನಡದ ಎರಡು ರೂಪಗಳನ್ನ ಪಕ್ಕದಲ್ಲಿಟ್ಟು ವಿವರಿಸಿದ್ರೆ ಈ ಬಳಕೆ ಕಮ್ಮಿ ಆಗುತ್ತಾ, ಇಲ್ಲ ಬರೀ ಓದಿಸ್ತಾ ಹೋದ್ರೆ ತಾನಾಗೇ ಸರಿ ಹೋಗುತ್ತಾ? ಇಲ್ಲಿ ಒಂದು ಪೇಪರ್ ಇದೆ, ಸರಿಯಾಗಿ ಬೆಳೆಸಿದ್ರೆ ಒಂದು ಪಿಎಚ್‌ಡಿನೂ ಇದೆ. ಇಂಥ ಡೇಟಾ ಲಂಡನ್‌ನಲ್ಲಿ ಕೂತೋರಿಗೆ ಸಿಗಲ್ಲ, ಹಾಸನದ ಹೈಸ್ಕೂಲಲ್ಲಿ ಇರೋ ನಿಮಗೆ ದಿನಾ ಸಿಗುತ್ತೆ.

ಹೆಜ್ಜೆ 4: ನೆಟ್ ಮತ್ತು ಕೆಸೆಟ್

2018ರ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಯಮ, ಅದಕ್ಕೆ 2023ರಲ್ಲಿ ಬಂದ ತಿದ್ದುಪಡಿ ಪ್ರಕಾರ ಅಸಿಸ್ಟೆಂಟ್ ಪ್ರೊಫೆಸರ್ ಆಗೋಕೆ ನೆಟ್ ಅಥವಾ ಸೆಟ್ (ರಾಜ್ಯಮಟ್ಟದ ಪರೀಕ್ಷೆ, ನಮ್ಮಲ್ಲಿ ಕೆಸೆಟ್) ಕನಿಷ್ಠ ಅರ್ಹತೆ. ನೆಟ್ ವರ್ಷಕ್ಕೆ ಎರಡು ಸಲ, ಜೂನ್ ಮತ್ತೆ ಡಿಸೆಂಬರ್ ಸೈಕಲ್. ಮೊದಲ ಪೇಪರ್ 50 ಪ್ರಶ್ನೆ 100 ಅಂಕ, ಎರಡನೇದು 100 ಪ್ರಶ್ನೆ 200 ಅಂಕ, ಎರಡೂ ಸೇರಿ ಮೂರು ಗಂಟೆ, ನೆಗೆಟಿವ್ ಮಾರ್ಕಿಂಗ್ ಇಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡ್ಬೇಡಿ. ಪಾಸಾಗೋಕೆ ಎರಡೂ ಪೇಪರ್ ಸೇರಿ ಜನರಲ್‌ಗೆ ಶೇ. 40, ಮೀಸಲಾತಿಯವರಿಗೆ ಶೇ. 35 ಬೇಕು, ಆದ್ರೆ ಅದು ಬಂದ್ರೆ ಸಾಲದು, ಪರೀಕ್ಷೆ ಬರೆದವರಲ್ಲಿ ಶೇ. 6 ಜನರನ್ನ ಮಾತ್ರ ಆರಿಸ್ತಾರೆ.

ಇಎಲ್‌ಟಿಯವರಿಗೆ ನಿಜವಾದ ಕಷ್ಟ ಸಿಲಬಸ್ಸಲ್ಲಿದೆ. ಇಂಗ್ಲಿಷ್ ನೆಟ್‌ನ ಹತ್ತು ಯೂನಿಟ್‌ನಲ್ಲಿ ನಾಟಕ, ಕಾವ್ಯ, ಕಥೆ ಕಾದಂಬರಿ, ಗದ್ಯ, ಕಲ್ಚರಲ್ ಸ್ಟಡೀಸ್, ವಿಮರ್ಶೆ, ಥಿಯರಿ ಹೀಗೆ ಏಳು ನಮ್ಮ ಫೀಲ್ಡಿನವಲ್ಲ. ಐದನೇದು ಭಾಷೆ ಮತ್ತು ಬೋಧನೆ, ಆರನೇದು ಭಾರತದಲ್ಲಿ ಇಂಗ್ಲಿಷ್, ಹತ್ತನೇದು ಸಂಶೋಧನಾ ವಿಧಾನ, ಈ ಮೂರು ನಮ್ಮವು. ಟೀಸಲ್ ಎಂಎ ಮಾಡಿ ಬಂದೋರು ಇಲ್ಲಿ ಸಾಹಿತ್ಯದಲ್ಲಿ ಸೋಲ್ತಾರೆ, ಸಾಹಿತ್ಯದವರು ಈ ಮೂರು ಯೂನಿಟ್ ಮುಟ್ಟೋಕೇ ಹೋಗಲ್ಲ. ನೀವು ಮಾಡ್ಬೇಕಾದ್ದು ಇಷ್ಟು, ನಮ್ಮ ಮೂರು ಯೂನಿಟ್‌ನ ಒಂದು ಮಾರ್ಕೂ ಬಿಡದ ಹಾಗೆ ಗಟ್ಟಿ ಮಾಡ್ಕೊಳ್ಳಿ, ಆಮೇಲೆ ವಿಮರ್ಶೆ ಮತ್ತು ಥಿಯರಿ ಓದಿ ಯಾಕಂದ್ರೆ ಅದು ಸೀಮಿತವಾದ ಪಟ್ಟಿ, ಕೊನೆಗೆ ಕಾಲಾನುಕ್ರಮ ಇಟ್ಕೊಂಡು ಕಾವ್ಯ, ನಾಟಕ, ಕಾದಂಬರಿ. ಹಳೇ ಪ್ರಶ್ನೆಪತ್ರಿಕೆಗಳನ್ನ ಟೈಮ್ ಇಟ್ಟು ಬಿಡಿಸಿ. ಪೇಪರ್ ಒಂದನ್ನ ಸುಲಭ ಅಂತ ಬಿಟ್ಟುಬಿಡ್ತಾರೆ, ಅಲ್ಲೇ 100 ಅಂಕ ಕೂತಿದೆ ಅನ್ನೋದು ನೆನಪಿರಲಿ.

ನೆಟ್‌ನಲ್ಲಿ ಇನ್ನೂ ಹೆಚ್ಚು ಅಂಕ ತೆಗೆದವರಿಗೆ ಸಿಗೋ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಬಂದ್ರೆ ಪಿಎಚ್‌ಡಿಯ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ, ಮೇಲೆ ಎಚ್‌ಆರ್‌ಎ. ಮಧ್ಯಮ ವರ್ಗದ, ಬಡವರ ಮನೆಯ ಮಕ್ಕಳು ಸಂಬಳದ ಚಿಂತೆ ಇಲ್ಲದೆ ಸಂಶೋಧನೆ ಮಾಡೋಕೆ ನಮ್ಮ ದೇಶದಲ್ಲಿರೋ ಒಳ್ಳೇ ದಾರಿ ಇದು, ಅದಕ್ಕೇ ಬರೀ ಪಾಸ್ ಸಾಕು ಅಂತ ಓದ್ಬೇಡಿ. ಇದಕ್ಕೆ ಜನರಲ್‌ನವರಿಗೆ ವಯಸ್ಸು 30ರ ಒಳಗೆ ಇರಬೇಕು, ಮಹಿಳೆಯರಿಗೆ, ಎಸ್‌ಸಿ, ಎಸ್‌ಟಿ, ಒಬಿಸಿಯವರಿಗೆ ಐದು ವರ್ಷ ರಿಯಾಯಿತಿ ಇದೆ. ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆಗೆ ವಯಸ್ಸಿನ ಮಿತಿ ಇಲ್ಲ, ಮಕ್ಕಳನ್ನ ದೊಡ್ಡವರು ಮಾಡಿ ಮತ್ತೆ ಓದೋಕೆ ಕೂತಿರೋ ಅಕ್ಕಂದಿರು ಧೈರ್ಯವಾಗಿ ಬರೀಬಹುದು. ಕೆಸೆಟ್ ಈಗ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುತ್ತೆ, ಅದರ ಅರ್ಹತೆ ಕರ್ನಾಟಕದೊಳಗೆ ನಡೆಯುತ್ತೆ, ಜೆಆರ್‌ಎಫ್ ಇಲ್ಲ. ಎರಡನ್ನೂ ಬರೀರಿ.

ಹೆಜ್ಜೆ 5: ಪಿಎಚ್‌ಡಿ

ಎಂಫಿಲ್ ಈಗ ಇಲ್ಲ, ನೇರ ಪಿಎಚ್‌ಡಿ. ಕೋರ್ಸ್‌ವರ್ಕ್ ಸೇರಿ ಕಮ್ಮಿ ಅಂದ್ರೆ ಮೂರು ವರ್ಷ, ಜಾಸ್ತಿ ಅಂದ್ರೆ ಆರು. 2024ರ ಜೂನ್ ನೆಟ್‌ನಿಂದ ನೆಟ್ ಸ್ಕೋರ್ ಮೇಲೇ ಪಿಎಚ್‌ಡಿ ಪ್ರವೇಶಕ್ಕೂ ಅವಕಾಶ ಆಗಿದೆ, ಆದ್ರೆ ಆ ಸ್ಕೋರ್ ಒಂದು ವರ್ಷ ಮಾತ್ರ ನಡೆಯುತ್ತೆ.

ಟಾಪಿಕ್‌ಗೆ ಬರೋಣ. ಗ್ರಾಮೀಣ ವಿದ್ಯಾರ್ಥಿಗಳ ಇಂಗ್ಲಿಷ್ ಸಮಸ್ಯೆಗಳು: ಒಂದು ಅಧ್ಯಯನ, ಅನ್ನೋ ತರದ ಶೀರ್ಷಿಕೆ ದಯವಿಟ್ಟು ಇಡ್ಬೇಡಿ. ಭಾರತದ ಥೀಸಿಸ್‌ಗಳೆಲ್ಲ ಆನ್‌ಲೈನ್‌ನಲ್ಲಿ ಸಿಗೋ ಶೋಧಗಂಗಾಗೆ ಹೋಗಿ ಹುಡುಕಿ, ಇಂಥ ಥೀಸಿಸ್ ಎಷ್ಟೋ ಇವೆ, ಎಲ್ಲದ್ರಲ್ಲೂ ಒಂದು ಪ್ರಶ್ನಾವಳಿ, ಒಂದಿಷ್ಟು ಶೇಕಡಾವಾರು ಕೋಷ್ಟಕ, ಕೊನೆಗೆ ಮಕ್ಕಳಿಗೆ ಆಸಕ್ತಿ ಕಮ್ಮಿ, ಶಿಕ್ಷಕರಿಗೆ ತರಬೇತಿ ಬೇಕು ಅನ್ನೋ ತೀರ್ಮಾನ. ಚಿಕ್ಕದಾಗಿ, ಆಳವಾಗಿ ಯೋಚಿಸಿ. 2007-08ರಿಂದ ನಮ್ಮ ಕನ್ನಡ ಮೀಡಿಯಂ ಶಾಲೆಗಳಲ್ಲೂ ಒಂದನೇ ಕ್ಲಾಸಿಂದ ಇಂಗ್ಲಿಷ್ ಒಂದು ವಿಷಯವಾಗಿ ಬಂತು, 2019-20ರಿಂದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮೀಡಿಯಂ ವಿಭಾಗ ಶುರುವಾಯ್ತು. ಆ ಕ್ಲಾಸುಗಳಲ್ಲಿ ಗಣಿತದ ಮೇಡಂ ಯಾವಾಗ ಕನ್ನಡಕ್ಕೆ ಹೊರಳ್ತಾರೆ, ಯಾವಾಗ ಇಂಗ್ಲಿಷ್‌ಗೆ ವಾಪಸ್ ಬರ್ತಾರೆ, ಅದರಿಂದ ಮಗುವಿಗೆ ಏನು ತಿಳಿಯುತ್ತೆ, ಇದನ್ನ ರೆಕಾರ್ಡ್ ಮಾಡಿ, ಅಕ್ಷರಕ್ಕೆ ಇಳಿಸಿ, ವಿಶ್ಲೇಷಣೆ ಮಾಡಿದ್ರೆ ಎರಡೇ ಶಾಲೆಯ ಡೇಟಾ ಕೂಡ ಸಾಕು. ಕನ್ನಡ ಬಂದ್ರೆ ಇಂಗ್ಲಿಷ್ ಕ್ಲಾಸ್ ಕೆಡುತ್ತೆ ಅನ್ನೋ ಹಳೇ ಮಾತನ್ನ ಈ ಫೀಲ್ಡ್ ಯಾವಾಗಲೋ ಪ್ರಶ್ನೆ ಮಾಡಿದೆ, ನಮ್ಮ ಶಾಲೆಗಳ ಒಳಗಿಂದ ಬರೋ ಪುರಾವೆ ಇನ್ನೂ ಬಹಳ ಬೇಕಾಗಿದೆ.

ಪ್ರಪೋಸಲ್‌ನಲ್ಲಿ ಪ್ರಶ್ನೆ ಏನು, ಡೇಟಾ ಎಲ್ಲಿಂದ, ಹೇಗೆ ವಿಶ್ಲೇಷಣೆ ಮಾಡ್ತೀರಿ, ಈ ಮೂರು ಸ್ಪಷ್ಟ ಇರಬೇಕು, ಉಳಿದದ್ದೆಲ್ಲ ಆಮೇಲೆ. ಮಕ್ಕಳನ್ನ ರೆಕಾರ್ಡ್ ಮಾಡೋದಾದ್ರೆ ಇಲಾಖೆಯ ಲಿಖಿತ ಅನುಮತಿ, ಹೆಡ್‌ಮಾಸ್ಟ್ರ ಅನುಮತಿ, ತಂದೆ ತಾಯಿಯ ಒಪ್ಪಿಗೆ ಪತ್ರ, ಆ ಪತ್ರ ಕನ್ನಡದಲ್ಲೇ ಇರಲಿ, ಓದೋಕೆ ಬಾರದವರಿಗೆ ಕೂತು ಓದಿ ಹೇಳಿ. ಮಕ್ಕಳ ಹೆಸರು ಬದಲಾಯಿಸಿ.

ಗೈಡ್ ಆರಿಸ್ಕೊಳ್ಳೋವಾಗ ಹೆಸರು, ಹುದ್ದೆ ನೋಡ್ಬೇಡಿ, ಅವ್ರ ಕೈಕೆಳಗೆ ಮಾಡ್ತಿರೋ ಇಬ್ರು ಸ್ಕಾಲರ್‌ಗಳನ್ನ ಕ್ಯಾಂಟೀನಿಗೆ ಕರ್ಕೊಂಡು ಹೋಗಿ ಮಾತಾಡಿಸಿ. ಚಾಪ್ಟರ್ ಕೊಟ್ರೆ ಎಷ್ಟು ದಿನಕ್ಕೆ ಓದಿ ಕೊಡ್ತಾರೆ ಅನ್ನೋ ಒಂದೇ ಪ್ರಶ್ನೆ ಕೇಳಿ, ನಿಮ್ಮ ಮುಂದಿನ ಐದು ವರ್ಷ ಹೇಗಿರುತ್ತೆ ಅಂತ ಗೊತ್ತಾಗುತ್ತೆ. ಸಾಹಿತ್ಯದ ಗೈಡ್ ಮಾತ್ರ ಇದ್ರೆ ಲಿಂಗ್ವಿಸ್ಟಿಕ್ಸ್ ಅಥವಾ ಎಜುಕೇಶನ್ ವಿಭಾಗದಿಂದ ಒಬ್ರು ಕೋ-ಗೈಡ್ ಕೇಳಿ.

ಹೆಜ್ಜೆ 6: ಬರೆಯೋದು, ಕಾನ್ಫರೆನ್ಸ್

ದುಡ್ಡು ಕೊಟ್ರೆ ಮೂರು ದಿನದಲ್ಲಿ ಛಾಪಿಸ್ತೀವಿ ಅಂತ ವಾಟ್ಸಾಪ್‌ನಲ್ಲಿ ಬರೋ ಜರ್ನಲ್‌ಗಳಿಗೆ ಒಂದು ರೂಪಾಯಿನೂ ಕೊಡ್ಬೇಡಿ, ನಾಳೆ ಇಂಟರ್‌ವ್ಯೂ ಬೋರ್ಡಲ್ಲಿ ಅದೇ ನಿಮಗೆ ತಿರುಗುತ್ತೆ. ಒಪ್ಪಿತ ಜರ್ನಲ್‌ಗಳ ಯುಜಿಸಿ ಕೇರ್ ಪಟ್ಟಿಯನ್ನ 2025ರಲ್ಲಿ ಕೈಬಿಟ್ಟ ಮೇಲಂತೂ ಜರ್ನಲ್‌ನ ಗುಣಮಟ್ಟ ನಾವೇ ನೋಡ್ಕೋಬೇಕು: ಸಂಪಾದಕ ಮಂಡಳಿಯಲ್ಲಿ ಯಾರಿದಾರೆ, ಪೀರ್ ರಿವ್ಯೂ, ಅಂದ್ರೆ ಬೇರೆ ತಜ್ಞರು ಓದಿ ಪರೀಕ್ಷಿಸೋದು ನಿಜಕ್ಕೂ ಆಗುತ್ತಾ. ಈ ಫೀಲ್ಡಲ್ಲಿ ದೊಡ್ಡ ಹೆಸರುಗಳು ಟೀಸೋಲ್ ಕ್ವಾರ್ಟರ್ಲಿ, ಇಎಲ್‌ಟಿ ಜರ್ನಲ್, ಸಿಸ್ಟಮ್. ಇಎಲ್‌ಟಿ ಜರ್ನಲ್ ಕ್ಲಾಸ್‌ರೂಮ್ ಅನುಭವಕ್ಕೆ ಹತ್ತಿರದ ಚಿಕ್ಕ ಲೇಖನಗಳನ್ನ ಹಾಕುತ್ತೆ, ಮೊದಲು ಅದರ ಒಂದು ವರ್ಷದ ಸಂಚಿಕೆಗಳನ್ನ ಓದಿ ಧಾಟಿ ಹಿಡೀರಿ. ನಮ್ಮಲ್ಲಿ 1974ರಲ್ಲಿ ಶುರುವಾದ ಎಲ್ಟಾಯ್ ಅನ್ನೋ ಇಂಗ್ಲಿಷ್ ಶಿಕ್ಷಕರ ಸಂಘ ಇದೆ, ಅದರ ವಾರ್ಷಿಕ ಕಾನ್ಫರೆನ್ಸಿಗೆ ಹೋದ್ರೆ ದೇಶದ ಎಲ್ಲಾ ಕಡೆಯ ಇಂಗ್ಲಿಷ್ ಮೇಷ್ಟ್ರುಗಳು ಸಿಗ್ತಾರೆ, ಹೊಸಬರು ಮೊದಲ ಪೇಪರ್ ಅಲ್ಲಿ ಓದೋದು ಒಳ್ಳೇದು.

ಹೆಜ್ಜೆ 7: ಕೆಲಸ

ಯೂನಿವರ್ಸಿಟಿಗಳಲ್ಲಿ ಇಂಟರ್‌ವ್ಯೂಗೆ ಕರೆಯೋಕೆ ಮುಂಚೆ 2018ರ ನಿಯಮದ ಪ್ರಕಾರ ಅಂಕ ಹಾಕಿ ಪಟ್ಟಿ ಮಾಡ್ತಾರೆ: ಪಿಎಚ್‌ಡಿಗೆ 30, ನೆಟ್ ಜೊತೆ ಜೆಆರ್‌ಎಫ್ ಇದ್ರೆ 7, ಬರೀ ನೆಟ್‌ಗೆ 5, ಸೆಟ್‌ಗೆ 3, ಒಂದು ಪ್ರಕಟಣೆಗೆ 2ರಂತೆ 10ರ ತನಕ, ವರ್ಷಕ್ಕೆ 2ರಂತೆ ಅನುಭವಕ್ಕೆ 10ರ ತನಕ. ಇದನ್ನ ನೋಡಿ ನಿಮ್ಮ ಮುಂದಿನ ಮೂರು ವರ್ಷ ಯಾವುದಕ್ಕೆ ಖರ್ಚು ಮಾಡ್ಬೇಕು ಅಂತ ಲೆಕ್ಕ ಹಾಕಿ. ಕೆಲಸ ಸಿಕ್ಕಿದ್ರೆ ಆರಂಭದ ಮೂಲ ವೇತನ 57,700. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ಕೆಇಎ ಪರೀಕ್ಷೆ ಮೂಲಕ ತಗೋತಾರೆ, 2021ರಲ್ಲಿ ಎಲ್ಲಾ ವಿಷಯ ಸೇರಿ 1,242 ಹುದ್ದೆಗೆ ಕರೆದಿದ್ರು, ಇಂಥ ನೋಟಿಫಿಕೇಶನ್ ವರ್ಷ ವರ್ಷ ಬರಲ್ಲ. ಆ ಮಧ್ಯದ ವರ್ಷಗಳು ಅತಿಥಿ ಉಪನ್ಯಾಸಕರಾಗಿ ಕಳೀತವೆ, ಸಂಬಳ ಕಮ್ಮಿ, ಭದ್ರತೆ ಇಲ್ಲ, ಇದು ನಮ್ಮ ವ್ಯವಸ್ಥೆಯ ದೊಡ್ಡ ಅನ್ಯಾಯ ಅಂತ ನಾನು ಬಲವಾಗಿ ನಂಬ್ತೀನಿ. ಆದ್ರೂ ಅನುಭವ ಪ್ರಮಾಣಪತ್ರ, ನೇಮಕಾತಿ ಆದೇಶ, ಸಂಬಳದ ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಜೋಪಾನವಾಗಿಡಿ, ಆಮೇಲೆ ಅದನ್ನೇ ಕೇಳ್ತಾರೆ.

ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಮೊದಲ ವರ್ಷಕ್ಕೆ ಕಮ್ಯುನಿಕೇಟಿವ್ ಇಂಗ್ಲಿಷ್ ಇರುತ್ತೆ, ಅಲ್ಲಿ ಇಎಲ್‌ಟಿಯವರಿಗೆ ಬೇಡಿಕೆ ಇದೆ, ಪ್ರೈವೇಟ್ ಯೂನಿವರ್ಸಿಟಿಗಳಲ್ಲೂ ಇದೆ. ಸಂಬಳ ಪರವಾಗಿಲ್ಲ, ವಾರದ ಕ್ಲಾಸು ಎಷ್ಟು ಅಂತ ಮೊದಲೇ ಕೇಳಿ, ಸಂಶೋಧನೆಗೆ ಟೈಮ್ ಉಳಿಯೋದು ಅದರ ಮೇಲೆ.

ಇಂಟರ್‌ವ್ಯೂನಲ್ಲಿ ಪಾಠ ಮಾಡಿ ತೋರಿಸೋ ಡೆಮೊ ಕ್ಲಾಸಲ್ಲಿ ಟೆನ್ಸ್ ಬಗ್ಗೆ ಲೆಕ್ಚರ್ ಕೊಡ್ಬೇಡಿ. ಬೋರ್ಡ್ ಮೇಲೆ ಹಾಸನದಿಂದ ಬೆಂಗಳೂರಿಗೆ ಹೋಗೋ ನಾಲ್ಕು ಬಸ್ಸಿನ ಟೈಮ್ ಬರೀರಿ, ಎರಡು ಎಕ್ಸ್‌ಪ್ರೆಸ್ ಎರಡು ಶಟ್ಲು. ನಿಮ್ಮ ಗೆಳತಿಗೆ ಬೆಂಗಳೂರಲ್ಲಿ ಹನ್ನೊಂದಕ್ಕೆ ಇಂಟರ್‌ವ್ಯೂ ಇದೆ, ಸ್ಟ್ಯಾಂಡಿಂದ ಆಫೀಸಿಗೆ ಒಂದು ಗಂಟೆ, ಯಾವ ಬಸ್ ಹತ್ತಬೇಕು, ಯಾಕೆ ಅಂತ ಇಂಗ್ಲಿಷ್‌ನಲ್ಲಿ ಕೇಳಿ. ಇಂಟರ್‌ವ್ಯೂ ಬೋರ್ಡಿನ ಸದಸ್ಯರೇ ಲೆಕ್ಕ ಹಾಕೋಕೆ ಶುರು ಮಾಡ್ತಾರೆ, ಇಫ್ ಶಿ ಟೇಕ್ಸ್ ದ ಸಿಕ್ಸ್ ಓ ಕ್ಲಾಕ್ ಬಸ್ ಅಂತ ವಾಕ್ಯಗಳು ಬರ್ತವೆ, ಕೊನೆಯ ಎರಡು ನಿಮಿಷದಲ್ಲಿ ಆ ವಾಕ್ಯಗಳನ್ನೇ ಬೋರ್ಡಿಗೆ ಹಾಕಿ ಕಂಡೀಶನಲ್ ತೋರಿಸಿ. ಎದುರಿಗೆ ಕೂತೋರು ಕಾರಣ ಕೊಟ್ಟು ಮಾತಾಡಲೇಬೇಕು, ಪಾಠ ಅಲ್ಲೇ ಆಗಿರುತ್ತೆ. ಪ್ರಭು ಅವ್ರು ರೀಸನಿಂಗ್ ಗ್ಯಾಪ್ ಅಂದಿದ್ದು ಇದನ್ನೇ.

ಹೆಜ್ಜೆ 8: ವಿದೇಶಕ್ಕೆ ಹೋಗೋದಾದ್ರೆ

ಒಂದು ಕಹಿ ಸಂಗತಿ ಮೊದಲೇ ಗೊತ್ತಿರಲಿ, ಇಂಗ್ಲಿಷ್ ಕಲಿಸೋ ಕೆಲಸದಲ್ಲಿ ಪಾಸ್‌ಪೋರ್ಟ್ ನೋಡೋ ದೇಶಗಳಿವೆ. ಕೊರಿಯಾದ ಇಂಗ್ಲಿಷ್ ಟೀಚರ್ ವೀಸಾ ಮುಖ್ಯವಾಗಿ ಏಳು ದೇಶಗಳ ಪ್ರಜೆಗಳಿಗೆ ಅಂತ ಇದೆ. ಇಂಗ್ಲಿಷ್ ಮಾತೃಭಾಷೆ ಅಲ್ಲದ ಶಿಕ್ಷಕರ ವಿರುದ್ಧ ತಾರತಮ್ಯ ತಪ್ಪು ಅಂತ ಇಂಗ್ಲಿಷ್ ಶಿಕ್ಷಕರ ಅಂತರರಾಷ್ಟ್ರೀಯ ಸಂಘಟನೆ ಟೀಸೋಲ್ 2006ರಲ್ಲೇ ಹೇಳಿಕೆ ಹೊರಡಿಸಿದೆ, ಆದ್ರೂ ಜಾಹೀರಾತುಗಳಲ್ಲಿ ನೇಟಿವ್ ಸ್ಪೀಕರ್ ಅನ್ನೋ ಪದ ಇನ್ನೂ ಕಾಣುತ್ತೆ. ಯೂನಿವರ್ಸಿಟಿಗಳ ಸಂಶೋಧನಾ ಲೋಕದಲ್ಲಿ ಇದು ಕಮ್ಮಿ, ಎರಡು ಮೂರು ಭಾಷೆಯಲ್ಲಿ ಬದುಕಿದವರ ಅನುಭವಕ್ಕೆ ಅಲ್ಲಿ ಬೆಲೆ ಇದೆ.

ಬ್ರಿಟನ್‌ನಲ್ಲಿ ಎಂಎ ಒಂದೇ ವರ್ಷ, ಖರ್ಚು ಮಾತ್ರ ವಿಪರೀತ. ಎರಡು ವರ್ಷ ಕೆಲಸದ ಅನುಭವ ಇದ್ರೆ ಬ್ರಿಟನ್ ಸರ್ಕಾರದ ಚೀವ್ನಿಂಗ್ ಸ್ಕಾಲರ್‌ಶಿಪ್‌ಗೆ ಹಾಕಬಹುದು, ಮುಗಿದ ಮೇಲೆ ಎರಡು ವರ್ಷ ದೇಶಕ್ಕೆ ವಾಪಸ್ ಬರಬೇಕು ಅನ್ನೋ ಷರತ್ತಿದೆ. ಸಾಲ ಮಾಡದೆ ಓದ್ಬೇಕು ಅಂದ್ರೆ ಅಮೆರಿಕದ ಪಿಎಚ್‌ಡಿ ನೋಡಿ: ಪೆನ್ ಸ್ಟೇಟ್, ಹವಾಯಿ ಮನೋವಾ, ಜಾರ್ಜಿಯಾ ಸ್ಟೇಟ್, ಅಯೋವಾ ಸ್ಟೇಟ್ ಇಲ್ಲೆಲ್ಲ ಅಪ್ಲೈಡ್ ಲಿಂಗ್ವಿಸ್ಟಿಕ್ಸ್ ಗಟ್ಟಿಯಾಗಿದೆ, ಟೀಚಿಂಗ್ ಅಸಿಸ್ಟೆಂಟ್‌ಶಿಪ್ ಸಿಕ್ಕಿದ್ರೆ ಸಾಮಾನ್ಯವಾಗಿ ಫೀಸ್ ಮಾಫಿ ಆಗಿ ತಿಂಗಳ ಸ್ಟೈಪೆಂಡ್ ಬರುತ್ತೆ, ಬದಲಿಗೆ ಇಂಗ್ಲಿಷ್ ಅಥವಾ ಬರವಣಿಗೆ ಕ್ಲಾಸ್ ತಗೋಬೇಕು. ಅರ್ಜಿ ಕೊನೇ ದಿನ ಹೆಚ್ಚಾಗಿ ಡಿಸೆಂಬರ್, ಜನವರಿ, ಅಂದ್ರೆ ಜೂನ್‌ನಲ್ಲೇ ಕೆಲಸ ಶುರು ಮಾಡ್ಬೇಕು: ಐದಾರು ಪ್ರೊಫೆಸರ್‌ಗಳ ಇತ್ತೀಚಿನ ಪೇಪರ್ ಓದಿ, ಸೆಪ್ಟೆಂಬರ್‌ನಲ್ಲಿ ಚಿಕ್ಕ ಇಮೇಲ್ ಕಳಿಸಿ, ಶಿಫಾರಸು ಪತ್ರ ಬರೆಯೋ ಮೇಷ್ಟ್ರುಗಳಿಗೆ ಎರಡು ತಿಂಗಳು ಟೈಮ್ ಕೊಡಿ, ಐಇಎಲ್‌ಟಿಎಸ್ ಅಥವಾ ಟೋಫೆಲ್ ಅಕ್ಟೋಬರ್ ಒಳಗೆ ಮುಗಿಸಿ. ರೈಟಿಂಗ್ ಸ್ಯಾಂಪಲ್ ಕೇಳ್ತಾರೆ, ಮೂರನೇ ಹೆಜ್ಜೆಯಲ್ಲಿ ಹೇಳಿದ ನೋಟ್‌ಬುಕ್ಕಿಂದ ಬರೆದ ಹದಿನೈದಿಪ್ಪತ್ತು ಪುಟದ ಪೇಪರ್ ಇದ್ರೆ ಅದನ್ನೇ ಕಳಿಸಿ, ಮಕ್ಕಳು ಬರೆದ ವಾಕ್ಯಗಳನ್ನ ಅನುಬಂಧದಲ್ಲಿ ಹಾಗೇ ಹಾಕಿ, ಪ್ರತಿ ಕನ್ನಡ ವಾಕ್ಯದ ಕೆಳಗೆ ಪದ ಪದದ ಅರ್ಥ ಕೊಡಿ, ಯಾಕಂದ್ರೆ ಓದೋ ಕಮಿಟಿಯಲ್ಲಿ ಯಾರಿಗೂ ಕನ್ನಡ ಗೊತ್ತಿರಲ್ಲ.